ಓದಿಸಿದ ಮುಯ್ಯಿ

೧೨ ಮಾರ್ಚ್ ೨೦೨೫, ಬುಧವಾರ

ವೀಸಾ ಕೊಡುವುದಿಲ್ಲವಂತೆ.

ಮಧ್ಯಾಹ್ನ ನೂಮಾನ್ ಫೋನ್ ಮಾಡಿ, ಶಿಫ್ಟ್ ಮುಗಿಸಿಕೊಂಡು ಅಂಗಡಿಗೆ ಬಾ ಎಂದಷ್ಟೇ ಹೇಳಿದ. ಆಗಲೇ ಗೊತ್ತಾಯಿತು. ಒಳ್ಳೆಯ ಸುದ್ದಿಯಾಗಿದ್ದರೆ ಗೌರಿಬಿದನೂರು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿರುತ್ತಿದ್ದ. ಅವನ ಕಂಪ್ಯೂಟರ್ ಅಂಗಡಿಯಲ್ಲಿ ಪಹಣಿಯಿಂದ ಹಿಡಿದು ವಿಮಾನದ ಟಿಕೆಟ್‌ವರೆಗೆ ಎಲ್ಲ ಆಗುತ್ತದೆ, ನನ್ನದೊಂದು ಬಿಟ್ಟು. ರಂಜಾನಿನ ರೋಜಾ ಹಿಡಿದು ಬಾಯಿ ಒಣಗಿಸಿಕೊಂಡು ಕೂತಿದ್ದವನು ಎರಡು ಪುಟದ ಇಂಗ್ಲಿಷ್ ಕಾಗದ ಓದಿ ಹೇಳಿದ. ಹೆಂಡತಿಯ ಬಳಿಗೆ ಹೋಗುವ ಗಂಡನ ಖಾತೆಯಲ್ಲಿ ಮೂವತ್ತೊಂದು ಸಾವಿರ ಚಿಲ್ಲರೆ ಇಪ್ಪತ್ತೆಂಟು ದಿನ ಒಂದೇ ಸಮನೆ ಇರಬೇಕು. ನನ್ನ ಖಾತೆಯಲ್ಲಿ ಫೆಬ್ರುವರಿ ಎರಡರಿಂದ ಐದು ದಿನ ಅಷ್ಟು ಇರಲಿಲ್ಲ. ಅಷ್ಟೇ ಕಾರಣ.

ಐದು ದಿನ. ಅಲ್ಲಿ ಯಾವನೋ ಕೂತು ನನ್ನ ಪಾಸ್‌ಬುಕ್ಕಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟುಕೊಂಡು ಹೋಗಿದ್ದಾನೆ. ಅವನಿಗೆ ಬೇರೆ ಕೆಲಸ ಇರಲಿಲ್ಲವೇ?

ಹರಿಣಿಗೆ ಹೇಳಲೇಬೇಕಿತ್ತು. ಅವಳು ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೋಗಿ ಐದು ತಿಂಗಳಾಯಿತು. ಊರಿನ ಹೆಸರು ಲೀಡ್ಸ್, ನಮ್ಮ ಕಡೆ ಆ ದೇಶವೆಲ್ಲ ಲಂಡನ್ನೇ. ಅವಳು ಅಳಲಿಲ್ಲ. ದುಡ್ಡು ಯಾಕೆ ತೆಗೆದೆ ಎಂದು ಕೇಳಿದಳು. ಅಮ್ಮನಿಗೆ ಬಿಪಿ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ನೀನು ಗಾಬರಿಯಾಗುತ್ತೀಯ ಎಂದು ಹೇಳಲಿಲ್ಲ ಎಂದೆ. ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ನಿಲ್ಲಲಿಲ್ಲ, ಮೂರು ದಿನ ವಾರ್ಡಿನಲ್ಲಿದ್ದರು ಎಂದೂ ಸೇರಿಸಿದೆ.

ಫ್ಯಾಕ್ಟರಿ ಸ್ಟೋರಿನಲ್ಲಿ ಉಳಿದಿದ್ದ ಹಳೆಯ ಡೈರಿ ಇದು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

೧೩ ಮಾರ್ಚ್, ಗುರುವಾರ

ಇಲ್ಲಾದರೂ ನಿಜ ಬರೆಯುತ್ತೇನೆ.

ಫೆಬ್ರುವರಿ ಎರಡನೇ ತಾರೀಕು ಸಾದಲಿಯಲ್ಲಿ ದೊಡ್ಡಪ್ಪನ ಮಗ ಚನ್ನಕೇಶವನ ಮದುವೆ. ನಮ್ಮ ಕಡೆ ಮುಯ್ಯಿಯ ದುಡ್ಡನ್ನು ಕವರಿನಲ್ಲಿಟ್ಟು ಗುಟ್ಟಾಗಿ ಕೊಡುವುದಿಲ್ಲ, ಓದಿಸುತ್ತೇವೆ. ಚಪ್ಪರದ ಪಕ್ಕದಲ್ಲಿ ಮೇಜು ಹಾಕಿ, ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ಮೈಕಿನಲ್ಲಿ ಕೂಗುತ್ತಾರೆ: ಇಂಥ ಊರಿನ ಇಂಥವರು, ಇಷ್ಟು. ಅವತ್ತು ಮೈಕ್ ಹಿಡಿದಿದ್ದವರು ಬಯ್ಯಪ್ಪ ಮಾಮ. ನಾನು ಸಾವಿರದ ಒಂದು ರೂಪಾಯಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಶುರುವಾಯಿತು ತಮಾಷೆ. ಹೆಂಡತಿ ಸೆರಗು ಹಿಡಿದುಕೊಂಡು ವಿಮಾನ ಹತ್ತುತ್ತಾನಂತೆ, ಅಲ್ಲಿ ಪಾತ್ರೆ ತೊಳೆಯುವುದಕ್ಕೆ ಈಗಲೇ ಕಲಿತುಕೋ ಅಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ತೊಳೆದುಕೊಂಡು ಮೇಜಿನ ಹತ್ತಿರ ಹೋದರೆ ಬಯ್ಯಪ್ಪ ಮಾಮ ನನ್ನನ್ನು ಕಂಡವರೇ ಮೈಕಿನಲ್ಲಿ, "ಬಂದ್ರು ನೋಡಪ್ಪಾ, ಲಂಡನ್ ಹರಿಣಿ ಯಜಮಾನ್ರು" ಎಂದರು.

ಕೊಡಲಿಲ್ಲ. ಬೈಕ್ ತೆಗೆದುಕೊಂಡು ಶಿಡ್ಲಘಟ್ಟದವರೆಗೆ ಹೋಗಿ ಎಟಿಎಂನಿಂದ ಹದಿನೈದು ಸಾವಿರ ತೆಗೆದೆ. ಹೋಗಿ ಬರುವಷ್ಟರಲ್ಲಿ ಬುದ್ಧಿ ಬರಬಹುದಿತ್ತು, ಅಷ್ಟು ದೂರ ಇದೆ. ನೂಮಾನ್ ಒಂದಲ್ಲ ಮೂರು ಸಲ ಹೇಳಿದ್ದ, ಈ ತಿಂಗಳು ಖಾತೆ ಮುಟ್ಟಬೇಡ ಅಂತ. ಐದು ದಿನಕ್ಕೆ ಸಂಬಳ ಬರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡೆ.

"ಗೌರಿಬಿದನೂರು ಮುನಿಗಂಗಪ್ಪನವರ ಮಗ ಅಂಬರೀಶ್, ಹದಿನೈದು ಸಾವಿರದ ಒಂದು."

ಊಟ ಮಾಡುತ್ತಿದ್ದವರು ತಲೆಯೆತ್ತಿ ನೋಡಿದರು. ಎಷ್ಟು ಹೊತ್ತು? ಮುಂದಿನ ಹೆಸರು ಓದುವವರೆಗೆ.

೧೫ ಮಾರ್ಚ್, ಶನಿವಾರ

ಮನೆಗೆ ಬಂದರೆ ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. ಹರಿಣಿ ಫೋನ್ ಮಾಡಿದ್ದಳಂತೆ, ತಲೆಸುತ್ತು ಹೇಗಿದೆ ಅತ್ತೆ, ಉಪ್ಪು ಬಿಟ್ಟಿದ್ದೀರಾ ಅತ್ತೆ ಎಂದು. ಹರಿಣಿ ಅಮ್ಮನ ಸ್ವಂತ ಅಣ್ಣನ ಮಗಳು. ಸೊಸೆಯಾಗುವುದಕ್ಕೆ ಮೊದಲೂ ಆ ಹುಡುಗಿಗೆ ಗಂಗುಲಮ್ಮತ್ತೆ ಎಂದರೆ ಪ್ರಾಣ. ಅಮ್ಮನಿಗೆ ತಲೆಬುಡ ಗೊತ್ತಾಗದಿದ್ದರೂ ಏನೋ ಇದೆ ಎಂದು ಹೂಂ ಹೂಂ ಎಂದಿದ್ದಾರೆ. ಬಿಪಿ ಎಷ್ಟಿತ್ತು ಎಂದು ಕೇಳಿದ್ದಕ್ಕೆ, ಚೆನ್ನಾಗಿ ಕಾಣಲಿ ಅಂತ ಇನ್ನೂರೈವತ್ತು ಎಂದುಬಿಟ್ಟಿದ್ದಾರೆ.

ನಿಜ ಹೇಳಿದೆ. ಅಮ್ಮ ಬೈಯಲಿಲ್ಲ, ಅದೇ ಕಷ್ಟವಾಯಿತು. "ಕಾಯ್ಲೆ ಅಂತ ಅನ್ನಿಸ್ಕೊಳೋಕೂ ಒಂದು ಯೋಗ ಬೇಕು ಕಣಪ್ಪ. ಇನ್ನೇನ್ ಮಾಡ್ಲಿ, ಮಲಗ್ತೀನಿ ಬಿಡು" ಎಂದರು. ಅಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದರು.

೧೯ ಮಾರ್ಚ್, ಬುಧವಾರ

ಇಂದು ನಡೆದದ್ದನ್ನು ಬೇರೆ ಯಾರ ಮನೆಯಲ್ಲಾದರೂ ನೋಡಿದ್ದರೆ ವಾರಗಟ್ಟಲೆ ನಗುತ್ತಿದ್ದೆ.

ಹರಿಣಿಯ ತಾಯಿ ಚಿಂತಾಮಣಿಯಿಂದ ಬಸ್ಸಿನಲ್ಲಿ ಬಂದರು. ಮಗಳು ಹೋಗಿ ನೋಡಿಕೊಂಡು ಬಾ ಎಂದಿದ್ದಾಳೆ. ಕೈಯಲ್ಲಿ ಬ್ರೆಡ್ಡು, ಮೂಸಂಬಿ, ಉಪ್ಪಿಲ್ಲದೆ ಮಾಡಿದ ಸಾರಿನ ಡಬ್ಬಿ. ಗೇಟಿನ ಸದ್ದಾಗುತ್ತಲೇ ಅಮ್ಮ ರಾಗಿ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದರು. ಮಾರ್ಚ್ ತಿಂಗಳ ಬಿಸಿಲು, ಮೇಲೆ ಶೀಟಿನ ಮನೆ. ಹಣೆಯಲ್ಲಿ ಬೆವರು ಇಳಿಯುವುದನ್ನು ನೋಡಿ ಅತ್ತೆ, "ಜ್ವರಾನೂ ಇದ್ಯಲ್ಲಾ ಗಂಗುಲಮ್ಮ" ಎಂದು ಸೆರಗಿನಿಂದ ಒರೆಸಿದರು. ಎರಡು ಗಂಟೆ ಕೂತು ಅಮ್ಮನ ಕಾಲು ಒತ್ತಿದರು. ಅವರಿಗೇ ಮಂಡಿನೋವು. ಅಮ್ಮ ಒಂದು ಸಲ ನನ್ನ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

ಅತ್ತೆಯನ್ನು ಬಸ್ ಹತ್ತಿಸುವಾಗ ಅವರು ಹೇಳಿದರು, ಹರಿಣಿ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

೨೪ ಮಾರ್ಚ್, ಸೋಮವಾರ

ಹರಿಣಿಯಿಂದ ನಲವತ್ತು ಸಾವಿರ ಬಂತು. ಹೊಸದಾಗಿ ಅರ್ಜಿ ಹಾಕಲು ಇವತ್ತಿನಿಂದ ಇಪ್ಪತ್ತೆಂಟು ದಿನ ಲೆಕ್ಕ ಎಂದು ನೂಮಾನ್ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಮೊದಲ ಅರ್ಜಿ ಕೊಟ್ಟ ಮೇಲೆ ನನ್ನ ಖಾತೆ ಬೆಂಗಳೂರಿನ ಓಡಾಟಕ್ಕೇ ಖಾಲಿಯಾಗಿತ್ತು.

ಇಷ್ಟು ಬೇಗ ಎಲ್ಲಿಂದ ತಂದೆ ಎಂದು ಕೇಳಿದೆ. ಹತ್ತು ದಿನದಲ್ಲಿ ಆರು ಶಿಫ್ಟ್ ಹೆಚ್ಚಿಗೆ ಮಾಡಿದಳಂತೆ. ಅರ್ಜಿಗೆ ಬೇಕಾದಷ್ಟು ಬಿಟ್ಟು ಉಳಿದದ್ದರಲ್ಲಿ ಚಿಕ್ಕಬಳ್ಳಾಪುರದ ದೊಡ್ಡ ಡಾಕ್ಟರಿಗೆ ಅಮ್ಮನನ್ನು ತೋರಿಸಬೇಕಂತೆ. ವಿಡಿಯೊದಲ್ಲಿ ಮುಖ ಇಳಿದುಹೋಗಿತ್ತು. ಕಣ್ಣಿನ ಕೆಳಗೆ ಕಪ್ಪು. ಕೂದಲು ಕತ್ತರಿಸಿಕೊಂಡಿದ್ದಾಳೆ, ಬಾಚಿಕೊಳ್ಳಲು ಹೊತ್ತಿಲ್ಲವಂತೆ.

ಆ ಕೂದಲನ್ನು ನನ್ನ ಕೈಯಾರೆ ಬಿಡಿಸಿ ಒಣಗಿಸುತ್ತಿದ್ದೆ, ಭಾನುವಾರಗಳಲ್ಲಿ, ಅಂಗಳದ ಬಿಸಿಲಿನಲ್ಲಿ.

೩೦ ಮಾರ್ಚ್, ಯುಗಾದಿ

ಇವತ್ತಿನಿಂದ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಳ್ಳುತ್ತಾರಂತೆ. ಐದೂವರೆ ಗಂಟೆಯ ದೂರ ನಾಲ್ಕೂವರೆಗೆ ಬಂತು. ಹುಚ್ಚನ ಹಾಗೆ ಬೆಳಗ್ಗೆಯಿಂದ ಇದನ್ನೇ ನೆನೆದು ಖುಷಿಪಟ್ಟೆ. ಕುಡುಮಲಕುಂಟೆಯ ನಮ್ಮ ಫ್ಯಾಕ್ಟರಿಯಲ್ಲಿ ಊಟದ ಬೆಲ್ ಹೊಡೆಯುವಾಗ ಅವಳು ಹಲ್ಲುಜ್ಜುತ್ತಿರುತ್ತಾಳೆ. ನಾನು ರಟ್ಟಿನ ಡಬ್ಬಗಳ ಕೊನೆಯ ಲೋಡ್ ಎಣಿಸಿ ಗೇಟ್ ಪಾಸ್ ಬರೆಯುವಾಗ ಅವಳದ್ದು ಮಧ್ಯಾಹ್ನದ ಊಟ, ಅದೂ ನಿಂತುಕೊಂಡು, ತಣ್ಣನೆಯ ಬ್ರೆಡ್ಡು. ಲೀಡ್ಸ್‌ನಲ್ಲಿ ಇವತ್ತು ಒಂಬತ್ತು ಡಿಗ್ರಿ, ಗಾಳಿ ಬೇರೆ. ಅವಳ ಬಸ್ ಸ್ಟಾಪಿಗೆ ಮೇಲ್ಛಾವಣಿ ಇಲ್ಲ.

ಅಮ್ಮ ಹೋಳಿಗೆ ತಟ್ಟಿದರು. ನಾನು ತಿನ್ನುವುದನ್ನು ಹರಿಣಿ ಫೋನಿನಲ್ಲಿ ನೋಡಿಕೊಂಡು ಕೂತಳು. ತುಪ್ಪ ಇನ್ನೊಂದು ಚಮಚ ಹಾಕಿಕೊ ಎಂದಳು. ಹಾಕಿಕೊಂಡೆ. ಅಮ್ಮ ಬೇಕೆಂದೇ ನಿಧಾನವಾಗಿ ನಡೆದು ಬಂದು ಅವಳಿಗೆ ಮುಖ ತೋರಿಸಿ ಒಳಗೆ ಹೋದರು.

೩ ಏಪ್ರಿಲ್, ಗುರುವಾರ

ಹರಿಣಿಯ ಸ್ಕೂಟರನ್ನು ದಿನಾ ಬೆಳಗ್ಗೆ ಒಂದೈದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ, ಬ್ಯಾಟರಿ ಸಾಯಬಾರದು ಎಂದು. ಇವತ್ತು ಅದರ ಡಿಕ್ಕಿಯಲ್ಲಿ ಒಂದು ಕ್ಲಿಪ್ಪು, ಚಿಕ್ಕಬಳ್ಳಾಪುರದ ಬಸ್ ಟಿಕೆಟ್ಟು ಸಿಕ್ಕಿತು. ಇಲ್ಲಿಂದ ಅಲ್ಲಿಯ ಆಸ್ಪತ್ರೆಗೆ ನಾಲ್ಕು ವರ್ಷ ಓಡಾಡಿದಳು. ಆಗ ಸಂಜೆ ಏಳಕ್ಕೆ ಅವಳು ಬಾರದಿದ್ದರೆ ಸಿಟ್ಟು ಬರುತ್ತಿತ್ತು ನನಗೆ. ಏಳೂಕಾಲಕ್ಕೆ ಬಂದವಳ ಮೇಲೆ ಮುಖ ತಿರುಗಿಸಿಕೊಂಡು ಕೂತದ್ದೂ ಇದೆ. ಹದಿನೈದು ನಿಮಿಷಕ್ಕೆ!

ಬೇಕು ಅವಳು. ಬರೆದುಕೊಳ್ಳಲು ಇದಕ್ಕಿಂತ ಬೇರೆ ಏನೂ ಇಲ್ಲ ಇವತ್ತು.

೫ ಏಪ್ರಿಲ್, ಶನಿವಾರ

ನೂಮಾನ್ ಅಂಗಡಿಯಲ್ಲಿ ರಂಜಾನ್ ಹಬ್ಬದ ಶೀರ್ ಕುರ್ಮಾ ಪಾಯಸದ ಡಬ್ಬಿ ನನಗಾಗಿ ಎತ್ತಿಟ್ಟಿದ್ದ. ತಿನ್ನುತ್ತಿರುವಾಗ ವಿಷಯಕ್ಕೆ ಬಂದ. ಹೋದ ಸಲ ಐದು ದಿನ ಯಾಕೆ ಕಡಿಮೆಯಾಯಿತು ಎಂದು ಈ ಸಲ ಒಂದು ಪತ್ರ ಇಟ್ಟರೆ ಒಳ್ಳೆಯದು, ಹರಿಣಿಯೂ ಸಹಿ ಮಾಡಬೇಕು. ಅವನಿಗೂ ನಾನು ಹೇಳಿದ್ದು ಅದೇ ಆಸ್ಪತ್ರೆಯ ಕಥೆ. ತಾಯಿ ಆಸ್ಪತ್ರೆಯಲ್ಲಿದ್ದರು ಎಂದು ಬರೆಯೋಣ, ಡಿಸ್ಚಾರ್ಜ್ ಕಾಗದ ಇದ್ದರೆ ಲಗತ್ತಿಸೋಣ ಎಂದ. ಇಲ್ಲ ಎಂದೆ. ಅವನು ನನ್ನ ಮುಖ ನೋಡಿ, ದನಿ ಇಳಿಸಿ, "ಬೇಕಂದ್ರೆ ಮಾಡಿಸ್ಕೊಡೋರು ಇದಾರೆ ಅಂಬ್ರಿ. ಎಲ್ರೂ ಮಾಡ್ತಾರೆ" ಎಂದ.

ಎಲ್ಲರೂ ಮಾಡುತ್ತಾರೆ, ಸರಿ. ಆದರೆ ಆ ಕಾಗದ ಹರಿಣಿಯ ಕೈಗೆ ಹೋಗುತ್ತದೆ. ದಿನಕ್ಕೆ ಇಪ್ಪತ್ತು ಡಿಸ್ಚಾರ್ಜ್ ಕಾಗದ ನೋಡುವವಳು ಅದನ್ನೂ ನಂಬಿ ಓದುತ್ತಾಳೆ. ನಂಬಿ, ಯಾವ ಮಾತ್ರೆ ಕೊಟ್ಟಿದ್ದಾರೆ ಎಂದು ನೋಡುತ್ತಾಳೆ. ಸಹಿ ಮಾಡುತ್ತಾಳೆ. ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

೬ ಏಪ್ರಿಲ್, ಭಾನುವಾರ

ಹೇಳಿದೆ.

ಅವಳಿಗೆ ಇವತ್ತು ರಜೆ. ಬಟ್ಟೆ ಮಡಚುತ್ತಿದ್ದಳು. ಸಾದಲಿ, ಮೈಕು, ಶಿಡ್ಲಘಟ್ಟದ ಎಟಿಎಂ, ಹದಿನೈದು ಸಾವಿರ, ನೂಮಾನ್ ಕೇಳಿದ ಪತ್ರ, ಎಲ್ಲ ಹೇಳಿದೆ. ಅಮ್ಮನಿಗೆ ಏನೂ ಆಗಿರಲಿಲ್ಲ ಎಂದು ಕೊನೆಗೆ ಹೇಳಿದೆ. ಮೊದಲು ಹೇಳಬೇಕಿತ್ತು ಅದನ್ನು. ಅವಳ ಕೈ ನಿಂತಿತು. ನನ್ನದೇ ಒಂದು ಹಳೆಯ ಶರ್ಟು ಅದು, ಹೋಗುವಾಗ ಕೇಳಿ ತೆಗೆದುಕೊಂಡು ಹೋಗಿದ್ದಳು.

"ಅತ್ತೆಗೂ ಗೊತ್ತಿತ್ತಾ?"

"ಗೊತ್ತಿತ್ತು."

"ನಮ್ಮಮ್ಮ ಕಾಲ್ ಒತ್ತಿದ್ರಲ್ಲ, ಆಗ್ಲೂನಾ?"

"ಆಗ್ಲೂ."

ಫೋನ್ ಇಟ್ಟಳು.

೭ ಏಪ್ರಿಲ್

ಮಾಡಲಿಲ್ಲ.

೮ ಏಪ್ರಿಲ್

ನಾನೇ ಮಾಡಿದೆ. ಎತ್ತಲಿಲ್ಲ.

೧೧ ಏಪ್ರಿಲ್, ಶುಕ್ರವಾರ

ಸ್ಟೋರಿನಲ್ಲಿ ಎರಡು ಸಲ ತಪ್ಪು ಎಣಿಸಿದೆ. ಮೇಲ್ವಿಚಾರಕರು ವೆಂಕಟರಾಯಪ್ಪನವರು ಒಳ್ಳೆಯವರು, ವೀಸಾ ಚಿಂತೆ ಇರಬೇಕು ಎಂದುಕೊಂಡು ಟೀ ತರಿಸಿಕೊಟ್ಟರು. ವೀಸಾ ಈಗ ನೆನಪಿಗೇ ಬರುವುದಿಲ್ಲ. ಅವಳು ಊಟ ಮಾಡಿದಳೋ ಇಲ್ಲವೋ ಅದೊಂದು ಗೊತ್ತಾದರೆ ಸಾಕಿತ್ತು.

೧೪ ಏಪ್ರಿಲ್, ಸೋಮವಾರ

ಅಂಬೇಡ್ಕರ್ ಜಯಂತಿ. ಕೇರಿಯೆಲ್ಲ ನೀಲಿ ಬಾವುಟ, ತಮಟೆ. ಹೋದ ವರ್ಷ ಹರಿಣಿ ವೇದಿಕೆಯ ಮೇಲೆ ನಿಂತು ಹುಡುಗಿಯರಿಗೆ ನರ್ಸಿಂಗ್ ಓದುವ ಬಗ್ಗೆ ಮಾತಾಡಿದ್ದಳು. ನಾನು ಹಿಂದಿನ ಸಾಲಿನಲ್ಲಿ ಸ್ನೇಹಿತರ ಜೊತೆ ಏನೋ ಹರಟುತ್ತಿದ್ದೆ. ಏನು ಮಾತಾಡಿದಳು ಎಂದು ನೆನಪಿಸಿಕೊಳ್ಳಲು ಇವತ್ತೆಲ್ಲ ಪ್ರಯತ್ನಪಟ್ಟೆ. ಒಂದು ಸಾಲೂ ಬರಲಿಲ್ಲ. ಪಕ್ಕದ ಬೀದಿಯ ಯಾಮಿನಿ ಈ ವರ್ಷ ನರ್ಸಿಂಗ್ ಎರಡನೇ ವರ್ಷ. ಅವಳನ್ನು ಕೇಳಿದೆ. ಎಲ್ಲವನ್ನೂ ಹೇಳಿದಳು, ಅಷ್ಟೂ ಬಾಯಿಪಾಠ ಆ ಹುಡುಗಿಗೆ. ನಿಂತು ಕೇಳಿಸಿಕೊಂಡೆ.

೧೭ ಏಪ್ರಿಲ್, ಗುರುವಾರ

ಹರಿಣಿ ಅಮ್ಮನಿಗೆ ಫೋನ್ ಮಾಡಿದ್ದಳು. ಒಂದು ಗಂಟೆ ಮಾತಾಡಿದರಂತೆ. ಏನಂದಳು ಎಂದು ಅಮ್ಮನ ಹಿಂದೆ ಹಿಂದೆ ಸುತ್ತಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, "ಬೈದ್ಲು. ಬೈಸ್ಕೊಂಡೆ. ನನ್ನ ಅಣ್ಣನ ಮಗಳು, ಬೈಯೋ ಹಕ್ಕಿದೆ" ಎಂದರು. ಆಮೇಲೆ ಬಹಳ ಹೊತ್ತು ಬಿಟ್ಟು, "ನಿನ್ನ ಊಟದ ಬಗ್ಗೆ ಕೇಳಿದ್ಲು" ಎಂದರು.

ಎರಡು ಮುದ್ದೆ ಉಂಡೆ.

೨೦ ಏಪ್ರಿಲ್, ಭಾನುವಾರ

ಸಂಜೆ ಫೋನ್ ಬಂತು. ವಿಡಿಯೊ ಅಲ್ಲ, ದನಿ ಮಾತ್ರ. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವಳು ತಡೆದಳು.

"ಭಾವ, ಸುಮ್ನೆ ಕೇಳು. ಆರು ಶಿಫ್ಟಲ್ಲಿ ಒಂದ್ ದಿನ ಬಾತ್ರೂಮಲ್ಲಿ ಕೂತು ಅತ್ತಿದೀನಿ, ಅತ್ತೆ ಹೋಗ್ಬಿಟ್ರೆ ಮುಖ ನೋಡಕ್ಕಾಗಲ್ವಲ್ಲ ಅಂತ. ಅದನ್ನ ನೀನು ವಾಪಸ್ ಕೊಡಕ್ಕಾಗಲ್ಲ. ಕೋಪ ಇದೆ, ಇನ್ನೂ ಇರತ್ತೆ. ಆದ್ರೆ ನೀನು ಬರ್ಬೇಕು. ಕೋಪ ಮಾಡ್ಕೊಳಕ್ಕಾದ್ರೂ ಎದುರಿಗೆ ಇರ್ಬೇಕು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳು ಕೇಳಿಸಿಕೊಂಡಳು, ಸಮಾಧಾನ ಮಾಡಲಿಲ್ಲ. ಪತ್ರ ನಾನೇ ಬರೆದು ಕಳಿಸಿದ್ದೇನೆ, ಓದಿ ಸಹಿ ಮಾಡು ಎಂದಳು.

ನೂಮಾನ್ ಹತ್ತಿರ ಓದಿಸಲಿಲ್ಲ. ಇಂಗ್ಲಿಷ್ ಪದಗಳನ್ನು ಫೋನಿನಲ್ಲಿ ನೋಡಿಕೊಂಡು ನಾನೇ ಓದಿದೆ. ಅರ್ಧ ಪುಟ. ನನಗೆ ಅರ್ಥವಾದದ್ದು ಇಷ್ಟು: ಈ ಹಣವನ್ನು ನನ್ನ ಗಂಡ ಸಂಬಂಧಿಕರ ಮದುವೆಯಲ್ಲಿ ಉಡುಗೊರೆ ಕೊಡಲು ತೆಗೆದರು. ನಮ್ಮ ಕಡೆ ಉಡುಗೊರೆ ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನಾನು ಇಲ್ಲಿಗೆ ಬಂದ ಮೇಲೆ ಊರಿನಲ್ಲಿ ಅವರನ್ನು ಯಾರೂ ಅವರ ಹೆಸರಿನಿಂದ ಕರೆಯುತ್ತಿರಲಿಲ್ಲ. ನಿಯಮ ತಪ್ಪಿದ್ದು ನಿಜ. ಅವರು ನನ್ನ ಬಳಿ ಇರಬೇಕೆಂದು ಕೇಳಿಕೊಳ್ಳುತ್ತೇನೆ.

ಹೆಸರಿನ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಮೈಕ್ ವಿಷಯ ಹೇಳಿದ್ದೆ, ತಮಾಷೆಯ ಹಾಗೆ. ಇಷ್ಟನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

೨೪ ಏಪ್ರಿಲ್, ಗುರುವಾರ

ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಎಲ್ಲ ಕೊಟ್ಟು ಬಂದೆ. ಈ ಪತ್ರ ಬೇಡ, ಇದರಲ್ಲಿ ಎಮರ್ಜೆನ್ಸಿ ಏನಿದೆ ಎಂದು ನೂಮಾನ್ ನಿನ್ನೆವರೆಗೂ ತಲೆ ಚಚ್ಚಿಕೊಂಡ. ಇರಲಿ ಹಾಕು ಎಂದೆ. ರೈಲಿನಲ್ಲಿ ಪಕ್ಕ ಕೂತವರು ಏನು ಕೆಲಸ ಎಂದರು. ನನ್ನ ಹೆಂಡತಿ ನರ್ಸ್, ಲೀಡ್ಸ್‌ನಲ್ಲಿ, ಹೃದಯದ ವಾರ್ಡು ಎಂದು ದೊಡ್ಡಬಳ್ಳಾಪುರದವರೆಗೆ ಹೇಳುತ್ತಲೇ ಇದ್ದೆ. ಅವರು ಕೇಳಿದ್ದು ನನ್ನ ಕೆಲಸವನ್ನು ಎಂದು ಈಗ ಬರೆಯುವಾಗ ಹೊಳೆಯಿತು.

೯ ಮೇ, ಶುಕ್ರವಾರ

ಇನ್ನೂ ಏನೂ ಇಲ್ಲ. ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ಮೊದಲಿನ ಹಾಗೆ ಅಲ್ಲ. ಏನಾದರೂ ಹೇಳಿದರೆ, ನಿಜವೋ ಎಂದು ತೂಗುವ ಹಾಗೆ, ಒಂದು ಕ್ಷಣ ನಿಲ್ಲುತ್ತಾಳೆ. ಮಳೆ ಬಂತು ಎಂದರೂ ನಿಲ್ಲುತ್ತಾಳೆ. ಆ ಒಂದು ಕ್ಷಣ ನನ್ನ ಸಂಪಾದನೆ, ಯಾರನ್ನು ಬೈಯಲಿ.

ಒಗ್ಗರಣೆ ಹಾಕುವುದು, ಅನ್ನಕ್ಕೆ ನೀರಿನ ಅಳತೆ ಕಲಿತೆ. ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಬಿಸಿ ಅನ್ನ ತಿನ್ನಲಿ. ಅಪ್ಪ ನನ್ನ ಸಾರನ್ನು ಎರಡು ಸಲ ಹಾಕಿಸಿಕೊಂಡರು.

೧೭ ಮೇ, ಶನಿವಾರ

ಪಾಸ್‌ಪೋರ್ಟ್ ಬಂತು. ಅಂಗಡಿಯಲ್ಲೇ ಕವರ್ ಹರಿದೆವು. ಹದಿನೇಳನೇ ಪುಟದಲ್ಲಿ ವೀಸಾ ಅಂಟಿಸಿದ್ದರು. ನೂಮಾನ್ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಹರಿಣಿಗೆ ವಿಡಿಯೊ ಕಾಲ್ ಮಾಡಿದೆ. ಊಟದ ಹೊತ್ತು, ಯೂನಿಫಾರ್ಮಿನಲ್ಲೇ ಎತ್ತಿದಳು. ಬಂತು ಎಂದೆ. ನಗಲಿಲ್ಲ, ಅಳಲಿಲ್ಲ. ಆ ಕ್ಷಣ ನಿಂತಳು. ಆಮೇಲೆ ಮೆತ್ತಗೆ, "ತೋರ್ಸು" ಎಂದಳು.

ನನಗೆ ಕೋಪ ಬರಲಿಲ್ಲ. ಪುಟ ಬಿಡಿಸಿ ಕ್ಯಾಮೆರಾದ ಮುಂದೆ ಹಿಡಿದೆ. ಅವಳು ಕೇಳುವಂತೆ ಓದಿದಳು, ವಾರ್ಡಿನಲ್ಲಿ ಔಷಧಿಯ ಚೀಟಿ ಓದುವ ಹಾಗೆ, ಬೆರಳು ಪರದೆಯ ಮೇಲೆ ಆಡುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಹೆಸರು. ಹುಟ್ಟಿದ ತಾರೀಕು. ಪಾಸ್‌ಪೋರ್ಟ್ ನಂಬರು, ಒಂದೊಂದೇ ಅಂಕಿ. ಎಂದಿನಿಂದ, ಎಂದಿನವರೆಗೆ. ಸ್ವಲ್ಪ ಮೇಲೆ ಎತ್ತು ಎಂದಳು, ಎತ್ತಿದೆ. ಬೆಳಕು ಹೊಳೆಯುತ್ತಿದೆ ಎಂದಳು, ಬಾಗಿಲ ಕಡೆ ತಿರುಗಿದೆ. ಮತ್ತೆ ಮೊದಲಿನಿಂದ ಓದಿದಳು. ಎಷ್ಟು ಸಲ ಬೇಕಾದರೂ ಓದಲಿ ಎಂದು ಕೈ ಅಲ್ಲಾಡಿಸದೆ ಹಿಡಿದುಕೊಂಡಿದ್ದೆ. ಅವಳ ದನಿ ನಿಂತ ಮೇಲೂ ಹಿಡಿದೇ ಇದ್ದೆ.

"ಸಾಕು ಭಾವ, ಇಳ್ಸು," ಎಂದಳು. "ನಿನ್ ಮುಖ ಕಾಣ್ತಿಲ್ಲ."